ಮಧ್ಯಾಹ್ನ ಬೂದು, ಸಂಜೆ ಹಸಿರು: ನಮ್ಮ ಡೆಕ್ ಮೇಲೆ ಇರೋದು ಒಂದು ಕಪ್ಪೆನಾ, ಎರಡಾ?

ಹಿತ್ತಲಬಾಗಿಲು — ಜೂನ್ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮಿನ್ನೆಸೋಟದಲ್ಲಿದ್ದೇವೆ. ಹೋದ ವರ್ಷ ಈ ಮನೆಗೆ ಬಂದೆವು. ಹಿತ್ತಲಲ್ಲಿ ಓಕ್ ಮರಗಳ ಸಣ್ಣ ಕಾಡು, ಅದರಾಚೆ ಒಂದು ಹೊಂಡ.

ಮೂರು ದಿನದಿಂದ ಡೆಕ್ (ಹಿತ್ತಲ ಕಡೆಯ ಮರದ ಜಗುಲಿ) ಮೇಲಿನ ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಕಪ್ಪೆ ಕೂರುತ್ತಿದೆ. ಮಧ್ಯಾಹ್ನ ನೋಡಿದರೆ ಸುಣ್ಣ ಹಚ್ಚಿದ ಹಾಗೆ ತಿಳಿ ಬೂದು. ಸಂಜೆ ಅದೇ ಜಾಗದಲ್ಲಿ ಪಾಚಿ ಹಸಿರಿನ ಕಪ್ಪೆ. ನಿನ್ನೆ ಬೆಳಿಗ್ಗೆ ಮಳೆ ಬಿದ್ದು ತಂಪಾಗಿತ್ತು. ಆಗ ಕೂತಿದ್ದದ್ದು ಹೆಚ್ಚುಕಡಿಮೆ ಕಪ್ಪು, ಮರದ ತೊಗಟೆ ತರ. ಮಗಳು ಮೂರಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾಳೆ. ನನಗೆ ಎರಡು ಕಪ್ಪೆ ಇರಬಹುದು ಅನ್ನಿಸುತ್ತೆ. ಮನೆಯವರು ಮೂರು ಅನ್ನುತ್ತಾರೆ. ಒಂದು ಕಪ್ಪೆಗೆ ಹುಷಾರಿಲ್ಲವೋ ಏನೋ ಅಂತ ಅತ್ತೆಗೆ ಚಿಂತೆ.

ಹೆಬ್ಬೆರಳಿನಷ್ಟು ಉದ್ದ. ಮೈ ಒರಟು. ಫೋಟೋ ಹಾಕಿದ್ದೇನೆ. ಯಾವ ಕಪ್ಪೆ ಅಂತ ಹೇಳ್ತೀರಾ?

ಮೂಲೆಮನೆ — ಜೂನ್ 9, ರಾತ್ರಿ 11:05

ಮೊದಲನೇ ಫೋಟೋದಲ್ಲಿರೋದು ನೆಲಗಪ್ಪೆ ಮರಿ. ಮೈಯೆಲ್ಲ ಗಂಟು ಇದೆ ನೋಡಿ. ಎರಡನೆಯದು ಹಸಿರು ಮರಗಪ್ಪೆ. ಅಲ್ಲಿಗೆ ಎರಡು ಕಪ್ಪೆ, ನೀವೇ ಗೆದ್ದಿರಿ.

ಕೆರೆದಂಡೆ — ಜೂನ್ 10, ಬೆಳಿಗ್ಗೆ 6:20

ಮೂಲೆಮನೆಯವರೇ, ಎರಡೂ ತಪ್ಪು. ಬೇಜಾರು ಮಾಡ್ಕೋಬೇಡಿ.

ಬೆರಳ ತುದಿ ನೋಡಿ. ಗುಂಡಗೆ ಬಿಲ್ಲೆ ಇದೆ. ನೆಲಗಪ್ಪೆಗೆ ಅದು ಇರಲ್ಲ. ಕುರ್ಚಿಯ ನೇರ ಕಾಲನ್ನು ಹತ್ತಿಕೊಂಡು ಬರೋದೂ ಅದರ ಕೈಲಿ ಆಗಲ್ಲ. ಇನ್ನು ನೀವು ಹೇಳಿದ ಅಮೆರಿಕದ ಹಸಿರು ಮರಗಪ್ಪೆ ದಕ್ಷಿಣದ ರಾಜ್ಯಗಳದ್ದು, ಮಿನ್ನೆಸೋಟದಲ್ಲಿಲ್ಲ. ಅದರ ಮೈ ನುಣುಪು. ಸಾಮಾನ್ಯವಾಗಿ ಪಕ್ಕದಲ್ಲಿ ಬಿಳಿ ಪಟ್ಟೆ ಓಡಿರುತ್ತೆ.

ಮೂರೂ ಫೋಟೋದಲ್ಲಿ ಕಣ್ಣಿನ ಕೆಳಗೆ ಒಂದು ಬೆಳ್ಳನೆಯ ಮಚ್ಚೆ ಇದೆ. ಚೌಕ ಅನ್ನಬಹುದು, ಅಂಚು ಕಪ್ಪಾಗಿದೆ. ಬೂದು ಮರಗಪ್ಪೆಯ ಮುಖದ ಗುರುತು ಅದೇ. ಮೈಬಣ್ಣ ಎಷ್ಟು ಓಡಾಡಿದರೂ ಆ ಮಚ್ಚೆ ಅಲ್ಲೇ ಇರುತ್ತೆ. ಇನ್ನೊಂದು ಗುರುತು ಕೂತಾಗ ಕಾಣಲ್ಲ. ಹಿಂಗಾಲಿನ ತೊಡೆಯ ಒಳಭಾಗ ಕಿತ್ತಳೆ ಹಳದಿ, ಮಧ್ಯೆ ಕಪ್ಪು ಚಿತ್ತಾರ. ಹಾರುವಾಗ ಮಿಂಚಿ ಮಾಯ ಆಗುತ್ತೆ. ಇದಕ್ಕಾಗಿ ಹಿಡಿಯಲೇಬೇಕು ಅಂತಿಲ್ಲ. ಗಾಜಿನ ಬಾಗಿಲಿಗೆ ಅಂಟಿಕೊಂಡಾಗ ಒಳಗಿನಿಂದ ನೋಡಿ.

ಬಣ್ಣವನ್ನು ಮಾತ್ರ ಕೊನೆಗೆ ನೋಡಿ. ಈ ಕಪ್ಪೆಯ ವಿಷಯದಲ್ಲಿ ಬಣ್ಣ ಏನನ್ನೂ ಹೇಳಲ್ಲ.

ಅಂದ ಹಾಗೆ ಒಂದೋ ಎರಡೋ ಅನ್ನೋದಕ್ಕೂ ಫೋಟೋದಲ್ಲೇ ಉತ್ತರ ಇದೆ. ಮುಂಗಾಲು ದೊಡ್ಡದು ಮಾಡಿ ನೋಡಿ.

ಹಿತ್ತಲಬಾಗಿಲು — ಜೂನ್ 10, ಬೆಳಿಗ್ಗೆ 7:48

ಅಯ್ಯೋ ಹೌದು! ಎಡಗೈಯ ಹೊರಗಿನ ಬೆರಳಿನ ತುದಿ ಇಲ್ಲ. ಮೂರೂ ಫೋಟೋದಲ್ಲಿ ಇಲ್ಲ. ಅಂದರೆ ಒಂದೇ ಕಪ್ಪೆ. ಮಗಳು ಮೂರು ಹೆಸರನ್ನೂ ಒಟ್ಟಿಗೆ ಸೇರಿಸಿ ಕರೆಯುತ್ತೇನೆ ಅನ್ನುತ್ತಿದ್ದಾಳೆ.

ಮೂಲೆಮನೆ — ಜೂನ್ 10, ಬೆಳಿಗ್ಗೆ 8:10

ಸೋತೆ. ಆದರೆ ಒಂದು ಪ್ರಶ್ನೆ. ಗೋಸುಂಬೆ ತರ ಹಿಂದಿರುವ ಬಣ್ಣ ನೋಡಿ ಬಣ್ಣ ಬದಲಿಸೋದಾದರೆ, ಬಿಳಿ ಕುರ್ಚಿ ಮೇಲೆ ಹಸಿರು ಯಾಕಾಯಿತು? ಅಲ್ಲಿ ಹಸಿರು ಏನೂ ಇಲ್ಲವಲ್ಲ.

ಲ್ಯಾಬ್‌ಕೋಟು — ಜೂನ್ 10, ಮಧ್ಯಾಹ್ನ 12:30

ಊಟದ ಬಿಡುವಲ್ಲಿ ಬರೀತಿದ್ದೇನೆ. ನನ್ನ ಕೆಲಸ ಜೀವಕೋಶಗಳ ಜೊತೆ, ಕಪ್ಪೆಗಳ ಜೊತೆ ಅಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಗೊತ್ತು.

ಮೊದಲು ಗೋಸುಂಬೆ ವಿಷಯ. ಗೋಸುಂಬೆಯೂ ಹಿನ್ನೆಲೆ ನೋಡಿಕೊಂಡು ಸೀರೆಗೆ ಹೊಂದುವ ರವಿಕೆ ಆರಿಸಿದ ಹಾಗೆ ಬಣ್ಣ ಆರಿಸಲ್ಲ. ಅದು ಬಣ್ಣ ಬದಲಿಸೋದು ಹೆಚ್ಚಾಗಿ ಸಿಟ್ಟು, ಜೋಡಿ ಹುಡುಕಾಟ, ಬಿಸಿಲು, ಚಳಿ ಇಂಥವಕ್ಕೆ. ಈ ಕಪ್ಪೆಯದ್ದೂ ಹಾಗೇ, ಕಾರಣ ಒಂದಲ್ಲ. ಹಿನ್ನೆಲೆಯ ಬೆಳಕೂ ಲೆಕ್ಕಕ್ಕೆ ಬರುತ್ತೆ. ಅದರ ಜೊತೆಗೆ ಗಾಳಿಯ ಬಿಸಿ, ತೇವ, ಹೆದರಿಕೆ, ದಣಿವು ಎಲ್ಲ ಸೇರುತ್ತೆ. ಸಾಮಾನ್ಯವಾಗಿ ಬಿಸಿ ಮತ್ತು ಬೆಳಕು ಜಾಸ್ತಿ ಆದರೆ ಮೈ ತಿಳಿಯಾಗುತ್ತೆ. ತಂಪು, ಕತ್ತಲೆ ಆದರೆ ಗಾಢವಾಗುತ್ತೆ. ಮಳೆ ಬಂದ ಬೆಳಿಗ್ಗೆ ಕಪ್ಪಾಗಿದ್ದು, ಮಧ್ಯಾಹ್ನ ಸುಣ್ಣದಂತಿದ್ದು ಎರಡೂ ಇದಕ್ಕೆ ಸರಿಹೊಂದುತ್ತೆ.

ಈಗ ಚರ್ಮದೊಳಗೆ ಹೋಗೋಣ. ಅಲ್ಲಿ ಮೂರು ತರದ ಬಣ್ಣದ ಕೋಶಗಳು ಒಂದರ ಮೇಲೊಂದು ಕೂತಿವೆ. ಎಲ್ಲಕ್ಕಿಂತ ಮೇಲೆ ಹಳದಿ ಬಣ್ಣ ತುಂಬಿದ ಕೋಶ. ಮಧ್ಯದ್ದರಲ್ಲಿ ಬಣ್ಣವೇ ಇಲ್ಲ. ಅದರೊಳಗೆ ಕನ್ನಡಿ ಚೂರುಗಳಂಥ ಸಣ್ಣ ಹರಳುಗಳು ಜೋಡಿಸಿಕೊಂಡಿರುತ್ತವೆ, ಅವು ನೀಲಿ ಬೆಳಕನ್ನು ವಾಪಸ್ ಎಸೆಯುತ್ತವೆ. ಕೆಳಗಿನದು ಮೆಲನಿನ್ ಇರುವ ಕಪ್ಪು ಕೋಶ. ಅದಕ್ಕೆ ಕೊಂಬೆಗಳ ತರ ಕೈಗಳಿವೆ, ಆ ಕೈಗಳು ಮೇಲಿನ ಕನ್ನಡಿ ಕೋಶವನ್ನು ಸುತ್ತಿಕೊಂಡಿರುತ್ತವೆ.

ಅಂದರೆ ಈ ಕಪ್ಪೆಯ ಚರ್ಮದಲ್ಲಿ ಹಸಿರು ಬಣ್ಣ ಅನ್ನೋದೇ ಇಲ್ಲ! ಕನ್ನಡಿ ಎಸೆದ ನೀಲಿ, ಮೇಲಿನ ಹಳದಿಯ ಮೂಲಕ ಹೊರಗೆ ಬರುವಾಗ ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತೆ. ಕಪ್ಪು ಕೋಶದ ಕಣಗಳು ಕೈಗಳ ತುದಿವರೆಗೆ ಹರಡಿಕೊಂಡರೆ ಕನ್ನಡಿ ಮುಚ್ಚಿಹೋಗುತ್ತೆ, ಕಪ್ಪೆ ಕಪ್ಪಾಗುತ್ತೆ. ಕಣಗಳೆಲ್ಲ ನಡುಮಧ್ಯಕ್ಕೆ ಬಂದು ಮುದುಡಿಕೊಂಡರೆ ಕಪ್ಪೆ ಬೆಳ್ಳಗಾಗುತ್ತೆ. ನಡುವಿನ ಹದದಲ್ಲಿ ಹಸಿರು, ಕಂದು, ಬೂದು.

ಕಣಗಳಿಗೆ ‘ಹರಡಿ’ ಅಂತ ಹೇಳೋದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಒಂದು ಹಾರ್ಮೋನು. ಅದು ರಕ್ತದಲ್ಲಿ ಹರಿದು ಚರ್ಮ ತಲುಪಬೇಕು. ಆದ್ದರಿಂದ ಈ ಕಪ್ಪೆಗೆ ಗೋಸುಂಬೆಯ ವೇಗ ಇಲ್ಲ. ಹಲವು ನಿಮಿಷ ಬೇಕು, ಒಮ್ಮೊಮ್ಮೆ ಅರ್ಧ ಗಂಟೆ, ಅದಕ್ಕಿಂತ ಜಾಸ್ತಿಯೂ ಹಿಡಿಯಬಹುದು. ಬದಲಾಗೋದನ್ನು ನೋಡುತ್ತಾ ಕೂತರೆ ಕಾಣಲ್ಲ. ಒಳಗೆ ಹೋಗಿ ಬಂದರೆ ಕಾಣುತ್ತೆ.

ಅತ್ತೆಯವರಿಗೆ ಹೇಳಿ, ಕಪ್ಪೆ ಹುಷಾರಾಗೇ ಇದೆ.

ಜಾರ್ಜಿಯಾ_ನೆರಳು — ಜೂನ್ 10, ಸಂಜೆ 5:15

ಒಳ್ಳೆ ವಿವರಣೆ. ಇದರ ಮೈ ಮೇಲಿನ ಚಿತ್ತಾರವನ್ನೂ ಗಮನಿಸಬೇಕು. ತಿಳಿ ಬೂದಾಗಿ ಓಕ್ ತೊಗಟೆ ಮೇಲೆ ಕೂತರೆ, ತೊಗಟೆಗೆ ಹತ್ತಿದ ಕಲ್ಲುಹೂವು ಯಾವುದು, ಕಪ್ಪೆ ಯಾವುದು ಗೊತ್ತಾಗಲ್ಲ. ನಾನು ಒಮ್ಮೆ ಮರಕ್ಕೆ ಕೈ ಊರಿ ನಿಂತು ಮಾತಾಡುತ್ತಿದ್ದೆ. ಕೈ ಕೆಳಗೇ ಇತ್ತು! ನನಗಿಂತ ಅದೇ ಧೈರ್ಯವಾಗಿತ್ತು, ಅಲ್ಲಾಡಲೇ ಇಲ್ಲ.

ನಮ್ಮ ಜಾರ್ಜಿಯಾ ಕಡೆ ಕೆಲಸ ಇನ್ನೂ ಕಷ್ಟ. ಇದನ್ನೇ ಹೋಲುವ ಇನ್ನೆರಡು ಮರಗಪ್ಪೆಗಳಿವೆ. ಹಕ್ಕಿಯ ದನಿಯ ಮರಗಪ್ಪೆ ಅಂತ ಒಂದು. ಅದಕ್ಕೂ ಕಣ್ಣ ಕೆಳಗೆ ಬಿಳಿ ಮಚ್ಚೆ ಇದೆ. ಆದರೆ ಗಾತ್ರ ಚಿಕ್ಕದು, ತೊಡೆಯ ಒಳಗೆ ಕಿತ್ತಳೆ ಇಲ್ಲ, ತಿಳಿ ಹಸಿರು ಹಳದಿ. ಪೈನ್ ಕಾಡಿನ ಮರಗಪ್ಪೆ ಇನ್ನೊಂದು. ಅದಕ್ಕೆ ಕಣ್ಣ ಕೆಳಗಿನ ಮಚ್ಚೆ ಇಲ್ಲ. ತೊಡೆಯಲ್ಲಿ ಚಿತ್ತಾರದ ಬದಲು ಸಣ್ಣ ಸಣ್ಣ ಹಳದಿ ಚುಕ್ಕೆಗಳು. ಮೂರೂ ಬಣ್ಣ ಬದಲಿಸುತ್ತವೆ, ಅದಕ್ಕೇ ನಾವು ತೊಡೆ ನೋಡದೆ ಹೆಸರು ಹೇಳಲ್ಲ.

ಕಾನುಮನೆ — ಜೂನ್ 11, ಬೆಳಿಗ್ಗೆ 9:02

ನಾನು ಮಲೆನಾಡಿನಿಂದ. ಫೋಟೋ ನೋಡಿದರೆ ನಮ್ಮ ಬಚ್ಚಲುಮನೆ ಗೋಡೆಗೆ ಅಂಟಿಕೊಳ್ಳುವ ಮರಗಪ್ಪೆ ತರಾನೇ ಇದೆಯಲ್ಲ ಮಾರಾಯ್ರೆ. ಅದೂ ಒಮ್ಮೆ ಕಂದು, ಒಮ್ಮೆ ಬಿಳಿಚಿಕೊಂಡಿರುತ್ತೆ. ಒಂದೇ ಜಾತಿಯಾ?

ಕೆರೆದಂಡೆ — ಜೂನ್ 11, ಬೆಳಿಗ್ಗೆ 9:40

ನೋಡಲು ದಾಯಾದಿಗಳು, ಆದರೆ ಹತ್ತಿರದ ನೆಂಟರಲ್ಲ. ನಿಮ್ಮ ಬಚ್ಚಲುಮನೆಯದ್ದು ಪಾಲಿಪೆಡೇಟಿಸ್ ಮ್ಯಾಕುಲೇಟಸ್ ಇರಬೇಕು. ಅದನ್ನು ಇಂಗ್ಲಿಷಿನಲ್ಲಿ ಚುನಾಮ್ ಕಪ್ಪೆ ಅಂತಲೂ ಕರೆಯುತ್ತಾರೆ, ಸುಣ್ಣದ ಕಪ್ಪೆ ಅಂತ. ಅದು ರಾಕೊಫೊರಿಡೆ ಕುಟುಂಬ. ಇಲ್ಲಿಯದು ಹೈಲಿಡೆ ಕುಟುಂಬ. ಬೆರಳ ಬಿಲ್ಲೆ, ಮರ ಹತ್ತುವ ಬದುಕು, ಬಣ್ಣ ಬದಲಾವಣೆ ಎಲ್ಲ ಎರಡೂ ಕಡೆ ಬೇರೆ ಬೇರೆಯಾಗಿ ಬೆಳೆದು ಬಂದದ್ದು.

ಮೊಟ್ಟೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ನಿಮ್ಮದು ನೀರಿನ ಅಂಚಿಗೆ ನೊರೆಯ ಗೂಡು ಕಟ್ಟುತ್ತೆ. ಇಲ್ಲಿಯದಕ್ಕೆ ಗೂಡು ಗೀಡು ಇಲ್ಲ. ನೇರ ನೀರಿನಲ್ಲಿ ಸಣ್ಣ ಸಣ್ಣ ಗುಂಪಾಗಿ ಇಟ್ಟು ಹೋಗುತ್ತೆ.

ಹಿತ್ತಲಬಾಗಿಲು — ಜೂನ್ 13, ರಾತ್ರಿ 11:20

ಎರಡು ಸುದ್ದಿ. ನಿನ್ನೆ ರಾತ್ರಿ ದೀಪಕ್ಕೆ ಬಂದ ಹುಳ ತಿನ್ನಲು ನಮ್ಮವನು ಅಡಿಗೆಮನೆ ಕಿಟಕಿ ಗಾಜಿಗೆ ಅಂಟಿಕೊಂಡಿದ್ದ. ತೊಡೆ ಕಂಡಿತು. ಕಿತ್ತಳೆ ಹಳದಿ, ಕಪ್ಪು ಗೆರೆ. ಖಾತ್ರಿ ಆಯಿತು.

ಎರಡನೆಯದು ಸದ್ದು. ಮೇ ಕೊನೆಯಿಂದ ರಾತ್ರಿ ಹೊಂಡದ ಕಡೆಯಿಂದ ಒಂದು ಹಕ್ಕಿ ಕೂಗುತ್ತಿದೆ ಅಂದುಕೊಂಡಿದ್ದೆ. ಟ್ರ್‌ರ್‌ರ್‌ರ್ ಅಂತ ಅರ್ಧ ಸೆಕೆಂಡು, ಸ್ವಲ್ಪ ಬಿಡುವು, ಮತ್ತೆ. ಮರಕುಟಿಗ ಇರಬಹುದು ಅಂತ ಪಕ್ಕದ ಮನೆಯವರೂ ಹೇಳಿದ್ದರು. ನಿನ್ನೆ ನೋಡಿದರೆ ನಮ್ಮವನೇ ಗಂಟಲು ಉಬ್ಬಿಸಿ ಕೂಗುತ್ತಿದ್ದಾನೆ!

ಕೆರೆದಂಡೆ — ಜೂನ್ 14, ಬೆಳಿಗ್ಗೆ 6:05

ಮರಕುಟಿಗ ಅನ್ನೋದು ಎಲ್ಲರೂ ಮಾಡುವ ತಪ್ಪು. ಕೆಂಪು ಹೊಟ್ಟೆಯ ಮರಕುಟಿಗದ ದನಿ ನಿಜವಾಗಿಯೂ ಹೀಗೇ ಇರುತ್ತೆ. ಆದರೆ ರಾತ್ರಿ ಹನ್ನೊಂದಕ್ಕೆ ಯಾವ ಮರಕುಟಿಗವೂ ಕೂಗಲ್ಲ.

ಕೂಗೋದು ಗಂಡು ಮಾತ್ರ. ಕೂಗುವ ಕಾಲದಲ್ಲಿ ಗಂಡಿನ ಗಂಟಲು ಕಪ್ಪಾಗಿ ಮಸಿ ಮೆತ್ತಿದ ಹಾಗಿರುತ್ತೆ. ಹೆಣ್ಣಿನದು ಬಿಳಿ. ನಿಮ್ಮವನು ನಿಜಕ್ಕೂ ‘ಅವನು’.

ಇನ್ನು ಆಟ ಶುರು. ನಿಮ್ಮ ಕಪ್ಪೆಗೆ ಹೆಸರು ಸಿಕ್ಕಿತು ಅಂದುಕೊಂಡಿರಿ. ಅರ್ಧ ಹೆಸರು ಮಾತ್ರ ಸಿಕ್ಕಿದೆ. ಬೂದು ಮರಗಪ್ಪೆ ಅನ್ನೋದು ಒಂದಲ್ಲ, ಎರಡು ಜಾತಿ. ಒಂದು ಹೈಲಾ ವರ್ಸಿಕಲರ್, 1825ರಲ್ಲಿ ಲಕಾಂಟ್ ಅನ್ನುವವರು ಇಟ್ಟ ಹೆಸರು. ಬಣ್ಣ ಬದಲಿಸುವುದು ಅಂತಲೇ ಅರ್ಥ. ಇನ್ನೊಂದು ಹೈಲಾ ಕ್ರೈಸೊಸೆಲಿಸ್, ಚಿನ್ನದ ಕಾಲಿನದು. 1880ರಲ್ಲಿ ಕೋಪ್ ಅನ್ನುವವರು ಹೆಸರಿಟ್ಟದ್ದು. ಈಗ ಎರಡನ್ನೂ ಹೈಲಾ ಬದಲು ಡ್ರಯೋಫೈಟಿಸ್ ಕುಲಕ್ಕೆ ಸೇರಿಸುತ್ತಾರೆ, ಪುಸ್ತಕಗಳಲ್ಲಿ ಎರಡೂ ಹೆಸರು ಸಿಗುತ್ತೆ.

ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರೂ ಬೇರೆ ಮಾಡೋಕೆ ಆಗಲ್ಲ. ನನಗೂ ಆಗಲ್ಲ, ಪ್ರೊಫೆಸರುಗಳಿಗೂ ಆಗಲ್ಲ. ಕಣ್ಣ ಕೆಳಗಿನ ಮಚ್ಚೆ ಒಂದೇ, ತೊಡೆ ಒಂದೇ, ಬಣ್ಣದಾಟ ಒಂದೇ.

ಮೂಲೆಮನೆ — ಜೂನ್ 14, ಬೆಳಿಗ್ಗೆ 8:30

ಕೋಪ್ ಇಟ್ಟ ಹೆಸರಾದ್ದರಿಂದ ಕೋಪದ ಕಪ್ಪೆ ಅನ್ನೋಣ.

ಕೆರೆದಂಡೆ — ಜೂನ್ 14, ಬೆಳಿಗ್ಗೆ 8:52

ತಮಾಷೆಗೆ ಹೇಳಿದರೂ ಸರಿಯಾಗೇ ಇದೆ. ಆ ಎಡ್ವರ್ಡ್ ಕೋಪ್‌ಗೆ ಸಿಟ್ಟು ಜಾಸ್ತೀನೇ ಇತ್ತು. ಡೈನೋಸಾರ್ ಮೂಳೆಗಳಿಗಾಗಿ ಮಾರ್ಶ್ ಅನ್ನುವ ಇನ್ನೊಬ್ಬ ವಿಜ್ಞಾನಿಯ ಜೊತೆ ವರ್ಷಗಟ್ಟಲೆ ಕಿತ್ತಾಡಿದ ಮನುಷ್ಯ ಅವನೇ.

ಲ್ಯಾಬ್‌ಕೋಟು — ಜೂನ್ 14, ಮಧ್ಯಾಹ್ನ 12:45

ಎರಡು ಜಾತಿಯ ಕಥೆ ನನಗೆ ಬಣ್ಣಕ್ಕಿಂತ ಇಷ್ಟ. ಕೋಪ್ ಕಪ್ಪೆಗೆ ಕ್ರೋಮೋಸೋಮ್ (ಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳು) 24. ವರ್ಸಿಕಲರ್‌ಗೆ ಸರಿಯಾಗಿ ಎರಡರಷ್ಟು, 48. ಅಂದರೆ ಅಪ್ಪನಿಂದ ಒಂದು ಸೆಟ್, ಅಮ್ಮನಿಂದ ಒಂದು ಸೆಟ್ ಅನ್ನುವ ಲೆಕ್ಕ ಇಲ್ಲಿ ಒಟ್ಟು ನಾಲ್ಕು ಸೆಟ್ ಆಗಿದೆ. ಗಿಡಗಳಲ್ಲಿ ಇದು ಸಾಮಾನ್ಯ, ಗೋಧಿ, ಹತ್ತಿ ಎಲ್ಲ ಹೀಗೇ ಹೆಚ್ಚಿಕೊಂಡವು. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಅಪರೂಪ. ಇದನ್ನು ಎಣಿಸಿ 1970ರಲ್ಲಿ ತೋರಿಸಿದವರು ವಾಸರ್‌ಮನ್ ಅನ್ನುವ ವಿಜ್ಞಾನಿ.

ಎರಡೂ ಕೂಡಿದರೆ ಹುಟ್ಟುವ ಮರಿಗೆ 36 ಕ್ರೋಮೋಸೋಮ್. ಅವು ಬದುಕಿದರೂ ಸಂತಾನ ಮುಂದುವರಿಯೋದು ಕಷ್ಟ. ಕ್ರೋಮೋಸೋಮ್ ಜಾಸ್ತಿ ಇದ್ದದ್ದಕ್ಕೆ ವರ್ಸಿಕಲರ್‌ನ ಕೆಂಪು ರಕ್ತಕಣಗಳೂ ದೊಡ್ಡವು. ಸೂಕ್ಷ್ಮದರ್ಶಕ ಇದ್ದರೆ ಹನಿ ರಕ್ತದಲ್ಲಿ ಹೇಳಬಹುದು. ಹಿತ್ತಲಲ್ಲಿ ಆ ಕೆಲಸ ಬೇಡ ಬಿಡಿ.

ಕೆರೆದಂಡೆ — ಜೂನ್ 14, ಸಂಜೆ 7:10

ರಕ್ತ ಬೇಡ, ಕಿವಿ ಸಾಕು. ವರ್ಸಿಕಲರ್ ದನಿ ನಿಧಾನ, ಇಂಪು, ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳುತ್ತೆ. ಕೋಪ್ ದನಿ ವೇಗ, ಸ್ವಲ್ಪ ಕರ್ಕಶ, ಗರಗರ ಅಂದ ಹಾಗೆ. 20 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ವರ್ಸಿಕಲರ್ ಸೆಕೆಂಡಿಗೆ ಸುಮಾರು 20 ಬಡಿತ, ಕೋಪ್ ಅದರ ಎರಡರಷ್ಟು.

ಇಲ್ಲಿ ಒಂದು ಮೋಸ ಇದೆ. ತಂಪಾದರೆ ಎರಡೂ ನಿಧಾನ ಆಗುತ್ತವೆ. ಸೆಕೆ ರಾತ್ರಿಯ ವರ್ಸಿಕಲರ್, ಚಳಿ ರಾತ್ರಿಯ ಕೋಪ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊಂದಲ ಆಗಬಹುದು. ಹಾಗಾಗಿ ಥರ್ಮಾಮೀಟರ್ ನೋಡದೆ ಬಡಿತ ಎಣಿಸಬೇಡಿ.

ಹಾಗಾದರೆ ಹೆಣ್ಣು ಕಪ್ಪೆ ಏನು ಮಾಡುತ್ತೆ ಅಂತ ಕೇಳಬೇಕು ನೀವು. ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಮಿಸೌರಿ ವಿಶ್ವವಿದ್ಯಾಲಯದ ಕಾರ್ಲ್ ಗೆರ್ಹಾರ್ಟ್ 1978ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಹೆಣ್ಣಿನ ಮೈ ತಂಪಾದರೆ ಅವಳ ಆಯ್ಕೆಯೂ ನಿಧಾನದ ದನಿಯ ಕಡೆ ವಾಲುತ್ತೆ. ಗಂಡಿನ ಗಂಟಲು, ಹೆಣ್ಣಿನ ಕಿವಿ ಎರಡೂ ಒಂದೇ ಹವಾಮಾನಕ್ಕೆ ಒಟ್ಟಿಗೆ ಶ್ರುತಿ ಬದಲಿಸಿಕೊಳ್ಳುತ್ತವೆ. ಥರ್ಮಾಮೀಟರ್ ಬೇಕಿರೋದು ನಮಗೆ ಮಾತ್ರ.

ಜಾರ್ಜಿಯಾ_ನೆರಳು — ಜೂನ್ 14, ರಾತ್ರಿ 9:00

ಇನ್ನೊಂದು ದಾರಿ, ನೀವಿರುವ ಜಾಗ. ಜಾರ್ಜಿಯಾದಲ್ಲಿ ಇರೋದು ಕೋಪ್ ಮಾತ್ರ, ನಮಗೆ ತಲೆನೋವಿಲ್ಲ. ನ್ಯೂಯಾರ್ಕ್, ನ್ಯೂ ಇಂಗ್ಲೆಂಡ್ ಕಡೆ ವರ್ಸಿಕಲರ್. ಮಿನ್ನೆಸೋಟ, ವಿಸ್ಕಾನ್ಸಿನ್, ಮಿಸೌರಿಯಂಥ ರಾಜ್ಯಗಳಲ್ಲಿ ಎರಡೂ ಇವೆ. ಅಲ್ಲಿಯವರೇ ಕಿವಿ ಕೊಡಬೇಕು.

ಗಾರ್ಡನ್‌ಸ್ಟೇಟ್ — ಜೂನ್ 14, ರಾತ್ರಿ 9:35

ನ್ಯೂಜೆರ್ಸಿಯಲ್ಲೂ ಎರಡೂ ಇವೆ. ಆದರೆ ಕೋಪ್ ಕಪ್ಪೆ ಇರೋದು ಕೇಪ್ ಮೇ ಸುತ್ತಿನ ದಕ್ಷಿಣದ ತುದಿಯಲ್ಲಿ ಮಾತ್ರ. ರಾಜ್ಯದ ಅಳಿವಿನಂಚಿನ ಪಟ್ಟಿಯಲ್ಲಿದೆ. ಆ ಕಡೆ ಇರೋರು ದಯವಿಟ್ಟು ಹಿಡಿಯಲು ಹೋಗಬೇಡಿ. ರಾಜ್ಯದ ಉಳಿದ ಕಡೆ ನೀವು ಕೇಳೋದು ವರ್ಸಿಕಲರ್.

ಹಿತ್ತಲಬಾಗಿಲು — ಜೂನ್ 16, ರಾತ್ರಿ 12:15

ಮನೆಯವರು ಮಲಗಿದ ಮೇಲೆ ಫೋನು, ಅಡಿಗೆಮನೆಯ ಥರ್ಮಾಮೀಟರ್ ಹಿಡಿದು ಹೊರಗೆ ಹೋದೆ. ಹೊರಗೆ 18 ಡಿಗ್ರಿ. ರೆಕಾರ್ಡ್ ಮಾಡಿ, ದನಿಯ ಗೆರೆ ತೋರಿಸುವ ಆಪ್‌ನಲ್ಲಿ ಹಿಗ್ಗಿಸಿ ಎಣಿಸಿದೆ. ಎಣಿಸಿದ ಕೂಗುಗಳಲ್ಲೆಲ್ಲ ಸೆಕೆಂಡಿಗೆ 18ರ ಆಸುಪಾಸು. ವರ್ಸಿಕಲರ್ ಅಲ್ವಾ?

ಇನ್ನೊಂದು ಮಾತು. ಮಗಳು ಹಿತ್ತಲಲ್ಲಿ ಬಿಟ್ಟಿದ್ದ ಹಳೆ ಪ್ಲಾಸ್ಟಿಕ್ ಈಜುತೊಟ್ಟಿಯಲ್ಲಿ ಮಳೆನೀರು ನಿಂತಿದೆ. ಅದರಲ್ಲಿ ಸಬ್ಬಕ್ಕಿ ತರ ಏನೋ ತೇಲುತ್ತಿದೆ, ಅಲ್ಲಲ್ಲಿ ಮೂವತ್ತು ನಲವತ್ತರ ಗುಂಪು. ಶನಿವಾರ ಚೆಲ್ಲಬೇಕು ಅಂತಿದ್ದೆ.

ಕೆರೆದಂಡೆ — ಜೂನ್ 16, ಬೆಳಿಗ್ಗೆ 6:00

ಚೆಲ್ಲಬೇಡಿ!!

ಕೆರೆದಂಡೆ — ಜೂನ್ 16, ಬೆಳಿಗ್ಗೆ 6:12

ಕಿರುಚಿದ್ದಕ್ಕೆ ಕ್ಷಮಿಸಿ. ಹೌದು, ವರ್ಸಿಕಲರ್. ಆ ಸಬ್ಬಕ್ಕಿ ಅದರ ಮೊಟ್ಟೆಯೇ ಇರಬೇಕು. ಮೀನಿಲ್ಲದ ನಿಂತ ನೀರು ಇವಕ್ಕೆ ಇಷ್ಟ. ಕಾಡಿನ ಹೊಂಡ, ದನದ ತೊಟ್ಟಿ, ಈಜುಕೊಳದ ಹೊದಿಕೆ ಮೇಲೆ ನಿಂತ ನೀರು, ಮಕ್ಕಳ ತೊಟ್ಟಿ, ಯಾವುದಾದರೂ ನಡೆಯುತ್ತೆ. ಮೀನಿರುವ ನೀರನ್ನು ಹೆಣ್ಣು ಬಿಟ್ಟು ಹೋಗುತ್ತೆ. ಕೆಲವು ದಿನಕ್ಕೆ ಒಡೆದು ಗೊದಮೊಟ್ಟೆ ಆಗುತ್ತೆ. ಆರರಿಂದ ಎಂಟು ವಾರದಲ್ಲಿ ಕಾಲು ಬಂದು ಹೊರಗೆ ಹತ್ತುತ್ತೆ.

ತೊಟ್ಟಿಯನ್ನು ಅರ್ಧ ನೆರಳಿಗೆ ಬರುವ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ನೀರು ಕಾದು ಹೋಗುತ್ತೆ. ನಲ್ಲಿ ನೀರು ನೇರ ಹಾಕಬೇಡಿ, ಕ್ಲೋರಿನ್ ಇರುತ್ತೆ. ಮಳೆನೀರು ಹಾಕಿ. ಹೊರಗೆ ಬರಲು ಒಂದು ಕೊಂಬೆ ಇಳಿಬಿಡಿ, ಮರಿಗಳು ಮುಳುಗಿ ಸಾಯಬಾರದು.

ಮೂಲೆಮನೆ — ಜೂನ್ 16, ಬೆಳಿಗ್ಗೆ 8:20

ಮಗುಗೆ ಒಂದು ಗಾಜಿನ ಪೆಟ್ಟಿಗೆ ತಂದು ಬೆರಳಿಲ್ಲದವನನ್ನು ಸಾಕಬಹುದಲ್ವಾ? ಬಣ್ಣ ಬದಲಾಗೋದನ್ನು ಆರಾಮಾಗಿ ನೋಡಬಹುದು.

ಹಿತ್ತಲಬಾಗಿಲು — ಜೂನ್ 16, ಬೆಳಿಗ್ಗೆ 8:41

ಬೇಡ ಸರ್. ಅವನಾಗೇ ದಿನಾ ಬಂದು ಕೂರುತ್ತಾನೆ, ಪೆಟ್ಟಿಗೆ ಯಾಕೆ? ಅಲ್ಲದೆ ನಿನ್ನೆ ಒಂದು ಎಡವಟ್ಟಾಯಿತು. ಬಾಗಿಲ ಸಂದಿಯಲ್ಲಿದ್ದ ಅವನನ್ನು ಕೈಯಲ್ಲಿ ಎತ್ತಿ ಬಿಟ್ಟೆ, ಆಮೇಲೆ ಮರೆತು ಕಣ್ಣುಜ್ಜಿಕೊಂಡೆ. ಮೆಣಸಿನಕಾಯಿ ಹೆಚ್ಚಿದ ಕೈ ಮುಟ್ಟಿದ ಹಾಗೆ ಉರಿ! ಒಂದು ಗಂಟೆ ಕಣ್ಣು ಬಿಡಲಾಗಲಿಲ್ಲ.

ಲ್ಯಾಬ್‌ಕೋಟು — ಜೂನ್ 16, ಮಧ್ಯಾಹ್ನ 1:05

ಅದು ಅದರ ಚರ್ಮದ ರಸ. ಬಾಯಿಗೆ ಹಾಕಿಕೊಳ್ಳುವ ಪ್ರಾಣಿಗಳಿಗೆ ಕೊಡುವ ಉತ್ತರ. ಕೈ ಚರ್ಮಕ್ಕೆ ಏನೂ ಆಗಲ್ಲ, ಕಣ್ಣು, ಮೂಗು, ಬಾಯಿ, ಗಾಯಕ್ಕೆ ತಾಗಬಾರದು. ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯಿರಿ.

ಮುಟ್ಟುವ ಮುಂಚೆಯೂ ತೊಳೆಯಬೇಕು, ಅದು ಕಪ್ಪೆಗೋಸ್ಕರ. ನಿಮ್ಮ ಕೈಯಲ್ಲಿ ಸೊಳ್ಳೆ ಮುಲಾಮು, ಸನ್‌ಸ್ಕ್ರೀನ್ ಇದ್ದರೆ ಅದರ ಚರ್ಮ ಹೀರಿಕೊಳ್ಳುತ್ತೆ. ಅದು ನೀರು ಕುಡಿಯೋದೂ ಚರ್ಮದಿಂದಲೇ.

ಹಿತ್ತಲಬಾಗಿಲು — ಜುಲೈ 11, ಸಂಜೆ 6:30

ತೊಟ್ಟಿಯ ವರದಿ. ಗೊದಮೊಟ್ಟೆಗಳು ಚೆನ್ನಾಗಿವೆ. ಆದರೆ ವಿಚಿತ್ರ ನೋಡಿ. ಅರ್ಧಕ್ಕರ್ಧ ಮರಿಗಳನ್ನು ಇನ್ನೊಂದು ಹಳೆ ಬಕೆಟಿಗೆ ಹಾಕಿದ್ದೆ. ಬಕೆಟಿನವು ಸಾದಾ ಕಂದು. ತೊಟ್ಟಿಯವುಗಳ ಬಾಲ ಕೆಂಪಗೆ, ಅಗಲ, ಮೇಲೆ ಕಪ್ಪು ಚುಕ್ಕೆ. ಒಂದೇ ಗುಂಪಿನ ಮೊಟ್ಟೆ! ಎರಡು ಜಾತಿ ಕಪ್ಪೆ ಬಂದು ಇಟ್ಟಿತಾ?

ಕೆರೆದಂಡೆ — ಜುಲೈ 11, ಸಂಜೆ 7:55

ತೊಟ್ಟಿಯ ತಳದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳು ಇದೆಯಾ ನೋಡಿ.

ಹಿತ್ತಲಬಾಗಿಲು — ಜುಲೈ 11, ರಾತ್ರಿ 8:20

ಎರಡಿವೆ! ನಿಮಗೆ ಹೇಗೆ ಗೊತ್ತಾಯಿತು?

ಕೆರೆದಂಡೆ — ಜುಲೈ 11, ರಾತ್ರಿ 8:44

ಬಾಲವೇ ಹೇಳಿತು. ಆ ಹುಳು ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತೆ. ನೀರಿನಲ್ಲಿ ಅದರ ವಾಸನೆ ಇದ್ದರೆ ಮರಿಗಳ ಬಾಲ ಅಗಲವಾಗಿ, ಕೆಂಪಾಗಿ ಬೆಳೆಯುತ್ತೆ. ಓಡಾಟವೂ ಕಡಿಮೆ ಆಗುತ್ತೆ. ಹುಳು ಎರಗಿದರೂ ಕಣ್ಣಿಗೆ ಹೊಡೆಯುವ ಬಾಲಕ್ಕೆ ಬಾಯಿ ಹಾಕುತ್ತೆ, ತಲೆ ಉಳಿಯುತ್ತೆ. ಬಾಲದ ಚೂರು ಹೋದರೆ ಜೀವ ಹೋಗಲ್ಲ. ಹುಳು ಇಲ್ಲದ ಬಕೆಟಿನಲ್ಲಿ ಈ ಖರ್ಚೇ ಇಲ್ಲ, ಅದಕ್ಕೇ ಸಾದಾ ಬಾಲ.

ಇದು ಅಪ್ಪನ ಬಣ್ಣದಾಟದಂಥದ್ದಲ್ಲ. ಅದು ನಿಮಿಷಗಳ ಆಟ. ಇದು ಮೈ ಬೆಳೆಯುವಾಗಲೇ ಬೇರೆ ದಾರಿ ಹಿಡಿಯೋದು, ದಿನಗಟ್ಟಲೆ ಬೇಕು.

ಹಿತ್ತಲಬಾಗಿಲು — ಆಗಸ್ಟ್ 5, ಬೆಳಿಗ್ಗೆ 8:15

ಹೊರಗೆ ಬಂದವು! ಉಗುರಿನಷ್ಟು ಮರಿಗಳು, ದಾಸವಾಳದ ಕುಂಡದ ಎಲೆ ಮೇಲೆ. ಎಲ್ಲ ಗಿಳಿ ಹಸಿರು. ಒಂದೂ ಬೂದು ಇಲ್ಲ. ನೀವು ಕಲಿಸಿದ ಹಾಗೆ ತೊಡೆ ನೋಡಿದೆ. ಕಿತ್ತಳೆ ಹಳದಿ ಇಲ್ಲವೇ ಇಲ್ಲ! ಈಗ ಏನು ಮಾಡಲಿ?

ಕೆರೆದಂಡೆ — ಆಗಸ್ಟ್ 5, ಬೆಳಿಗ್ಗೆ 9:30

ನನ್ನದೇ ತಪ್ಪು, ಮೊದಲೇ ಹೇಳಬೇಕಿತ್ತು. ತೊಡೆಯ ಬಣ್ಣ ದೊಡ್ಡವರಿಗೆ. ಮರಿಗಳಲ್ಲಿ ಅದು ಇನ್ನೂ ಬಂದಿರಲ್ಲ. ಹೊಸ ಮರಿಗಳು ಹೆಚ್ಚಾಗಿ ಹಸಿರೇ, ಚಿತ್ತಾರವೂ ಸರಿಯಾಗಿ ಮೂಡಿರಲ್ಲ. ಕಣ್ಣ ಕೆಳಗಿನ ಮಚ್ಚೆ ಹುಡುಕಿ, ಮಸುಕಾಗಿಯಾದರೂ ಸಿಗಬಹುದು. ಹೋಗಲಿ, ನಿಮ್ಮ ತೊಟ್ಟಿಯಿಂದಲೇ ಹತ್ತಿ ಬಂದದ್ದು ತಾನೇ? ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಾನುಮನೆ — ಅಕ್ಟೋಬರ್ 20, ಬೆಳಿಗ್ಗೆ 10:10

ಹಳೆಯ ಮಾತನ್ನು ಎಬ್ಬಿಸುತ್ತಿದ್ದೇನೆ. ಮಿನ್ನೆಸೋಟದಲ್ಲಿ ಚಳಿಗಾಲ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತಂತೆ. ಬೆರಳಿಲ್ಲದವನ ಕಥೆ ಏನು? ಕೆರೆಯ ತಳಕ್ಕೆ ಹೋಗುತ್ತಾನಾ?

ಹಿತ್ತಲಬಾಗಿಲು — ಅಕ್ಟೋಬರ್ 20, ಸಂಜೆ 5:50

ಸೆಪ್ಟೆಂಬರ್ ಕೊನೆಗೆ ಒಂದು ಮಧ್ಯಾಹ್ನ ಓಕ್ ಮರದ ಮೇಲಿನಿಂದ ಎರಡು ಸಲ ಕೂಗು ಕೇಳಿತು, ಅವನದೇ ಇರಬಹುದು. ಆಮೇಲೆ ಸದ್ದಿಲ್ಲ. ಕುರ್ಚಿ ಒಳಗಿಟ್ಟೆ.

ಲ್ಯಾಬ್‌ಕೋಟು — ಅಕ್ಟೋಬರ್ 20, ರಾತ್ರಿ 8:00

ಕೆರೆಯ ತಳಕ್ಕೆ ಹೋಗೋದು ಚಿರತೆ ಚುಕ್ಕೆಯ ಕಪ್ಪೆಯಂಥವು. ಇವನು ನೆಲದಲ್ಲೇ ಇರುತ್ತಾನೆ, ತರಗೆಲೆ ಕೆಳಗೆ, ಬಿದ್ದ ಮರದ ಕೆಳಗೆ. ಆಳ ಏನಿಲ್ಲ. ಅಲ್ಲೇ ಹೆಪ್ಪುಗಟ್ಟುತ್ತಾನೆ.

ನಿಜವಾಗಿ ಹೆಪ್ಪುಗಟ್ಟೋದು. ಮೈಯೊಳಗಿನ ನೀರಿನಲ್ಲಿ 40 ಶೇಕಡದಷ್ಟು ಮಂಜುಗಡ್ಡೆ ಆಗಬಹುದು. ಉಸಿರಿಲ್ಲ, ಎದೆಬಡಿತ ಇಲ್ಲ. ಮುಟ್ಟಿದರೆ ಕಲ್ಲು. ಆದರೆ ಮಂಜು ಕಟ್ಟೋದು ಕೋಶಗಳ ಹೊರಗಿನ ನೀರಿನಲ್ಲಿ. ಕೋಶಗಳ ಒಳಗೆ ಗ್ಲಿಸರಾಲ್ ತುಂಬಿಕೊಂಡು ಕಾಪಾಡುತ್ತೆ. ಇದನ್ನು 1982ರಲ್ಲಿ ಪ್ರಕಟಿಸಿದ ವಿಲಿಯಂ ಶ್ಮಿಡ್ ನಿಮ್ಮ ಮಿನ್ನೆಸೋಟ ವಿಶ್ವವಿದ್ಯಾಲಯದವರೇ. ಅಲ್ಲಿನ ಕಾಡುಗಪ್ಪೆಯೂ ಹೆಪ್ಪುಗಟ್ಟಿ ಬದುಕುತ್ತೆ, ಅದು ನೆಚ್ಚಿಕೊಂಡಿರೋದು ಗ್ಲೂಕೋಸನ್ನು.

30 ಡಿಗ್ರಿ ಕೆಳಗಿನ ಚಳಿಯನ್ನು ಮಾತ್ರ ಅವನು ತಡೆಯಲ್ಲ. ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿನವರೆಗೆ ಮಾತ್ರ. ಉಳಿದದ್ದನ್ನು ತಡೆಯೋದು ಹಿಮದ ಹೊದಿಕೆ. ಮೇಲೆ ಗಾಳಿ ಎಷ್ಟೇ ಕೊರೆದರೂ ದಪ್ಪ ಹಿಮದ ಕೆಳಗೆ ತರಗೆಲೆಯ ಪದರ ಸೊನ್ನೆಯ ಹತ್ತಿರವೇ ಇರುತ್ತೆ. ಹಾಗಾಗಿ ಹಿಮ ಬೀಳದೆ ಬರೀ ಚಳಿ ಬಿದ್ದ ವರ್ಷ ಇವಕ್ಕೆ ಕಷ್ಟ.

ಜಾರ್ಜಿಯಾ_ನೆರಳು — ಅಕ್ಟೋಬರ್ 20, ರಾತ್ರಿ 9:12

ಹಿತ್ತಲಬಾಗಿಲು ಅವರೇ, ಕಾಡಿನ ಅಂಚಿನ ತರಗೆಲೆ ಗುಡಿಸಬೇಡಿ. ಎಲೆ ಊದುವ ಯಂತ್ರ ಅಲ್ಲಿಗೆ ಒಯ್ಯಲೇಬೇಡಿ.

ಹಿತ್ತಲಬಾಗಿಲು — ಅಕ್ಟೋಬರ್ 20, ರಾತ್ರಿ 9:30

ಹುಲ್ಲಿನ ಮೇಲಿನದು ಮಾತ್ರ ತೆಗೆದೆ. ಓಕ್ ಬುಡದ್ದು ಹಾಗೇ ಇದೆ. ಹಿತ್ತಲು ಗಲೀಜು ಅಂತ ಅತ್ತೆ ಫೋನಿನಲ್ಲಿ ನೋಡಿ ಬೈದರು. ಕಪ್ಪೆ ಮಲಗಿದೆ ಅಂದೆ, ಸುಮ್ಮನಾದರು.

ಹಿತ್ತಲಬಾಗಿಲು — ಮೇ 21, ಬೆಳಿಗ್ಗೆ 7:25

ಕುರ್ಚಿ ಹೊರಗಿಟ್ಟು ಆರು ದಿನ ಆಯಿತು. ಇವತ್ತು ಬೆಳಿಗ್ಗೆ ಒಂದು ಕಪ್ಪೆ ಬಂದು ಕೂತಿದೆ, ತೊಗಟೆಯಷ್ಟು ಕಪ್ಪು. ಮಗಳು ಮೂರು ಹೆಸರೂ ಕೂಗಿಕೊಂಡು ಓಡಿದಳು. ನಾನು ಕೈ ನೋಡಿದೆ. ಎಡಗೈಯಲ್ಲಿ ನಾಲ್ಕು ಬೆರಳು, ನಾಲ್ಕಕ್ಕೂ ಬಿಲ್ಲೆ ಇದೆ. ಇವನು ಬೇರೆಯವನು. ಅವಳಿಗೆ ಇನ್ನೂ ಹೇಳಿಲ್ಲ.

ಕೆರೆದಂಡೆ — ಮೇ 21, ಬೆಳಿಗ್ಗೆ 7:40

ಗಂಟಲು ಯಾವ ಬಣ್ಣ?

ಹಿತ್ತಲಬಾಗಿಲು — ಮೇ 21, ಬೆಳಿಗ್ಗೆ 7:52

ಬೆಳ್ಳಗಿದೆ. ಹೊಟ್ಟೆ ಸ್ವಲ್ಪ ದಪ್ಪ.

ಕೆರೆದಂಡೆ — ಮೇ 21, ಬೆಳಿಗ್ಗೆ 7:55

‘ಇವನು’ ಅಲ್ಲ, ‘ಇವಳು’. ಕೂಗು ಕೇಳಿಕೊಂಡು ಹೊಂಡದ ಕಡೆ ಹೊರಟಿರಬೇಕು. ತೊಟ್ಟಿಗೆ ಮಳೆನೀರು ತುಂಬಿ ಇಡಿ.

ಹಿತ್ತಲಬಾಗಿಲು — ಮೇ 21, ಬೆಳಿಗ್ಗೆ 8:30

ತುಂಬಿದೆ. ಕೊಂಬೆಯನ್ನೂ ಇಳಿಬಿಟ್ಟೆ. ಅಷ್ಟು ಮಾಡಿ ಬರುವಷ್ಟರಲ್ಲಿ ಹಸಿರಾಗಿದ್ದಾಳೆ.